ಬಾತ್‌ಟಬ್ ಕೆಳಗಿನ ಗುಂಡಿ: ಕಾಂಕ್ರೀಟ್ ನೆಲದಲ್ಲಿ ಬಿಟ್ಟ ಜಾಗವನ್ನು ಏನು ಮಾಡಬೇಕು?

ನೆಲಕ್ಕೆ ಕಾಂಕ್ರೀಟ್ ಹಾಕಿ ಮುಗಿದಿದೆ. ಬಾತ್‌ರೂಮಿನಲ್ಲಿ ಟಬ್ ಬರಬೇಕಾದ ಕಡೆ ಮಾತ್ರ ಒಂದು ಚೌಕ ಗುಂಡಿ ಹಾಗೇ ಉಳಿದಿದೆ. ಸುಮಾರು ಒಂದಡಿ ಉದ್ದ, ಒಂದಡಿ ಅಗಲ. ಒಳಗೆ ಮಣ್ಣು, ಮಣ್ಣಿನ ನಡುವೆ ಬಾಯಿ ಮುಚ್ಚಿದ ಒಂದು ಪೈಪ್. ಮೊದಲ ಸಲ ನೋಡಿದವರಿಗೆ ಕೆಲಸದವರು ಅರ್ಧಕ್ಕೆ ಬಿಟ್ಟುಹೋದ ಹಾಗೆ ಕಾಣುತ್ತದೆ. ಅದು ಬೇಕೆಂದೇ ಬಿಟ್ಟ ಜಾಗ. ಟಬ್ಬಿನ ನೀರು ಹೋಗುವ ಪೈಪನ್ನು ಅಲ್ಲೇ ಜೋಡಿಸಬೇಕು.

ತಲೆಬಿಸಿ ಶುರುವಾಗುವುದು ಆಮೇಲೆ. ಪೈಪ್ ಜೋಡಿಸಿ ಆಯಿತು, ಟಬ್ ಕೂರಿಸಬೇಕು. ಈ ಗುಂಡಿಯನ್ನು ಹಾಗೇ ಬಿಡಬೇಕಾ, ಕಾಂಕ್ರೀಟ್ ಸುರಿದು ಮುಚ್ಚಬೇಕಾ? ಕೆಲವರು ‘ಟಬ್ ಬಂದ ಮೇಲೆ ಯಾರಿಗೂ ಕಾಣಲ್ಲ, ಬಿಡಿ’ ಎನ್ನುತ್ತಾರೆ. ಇನ್ನು ಕೆಲವರು ಉಳಿದ ಕಾಂಕ್ರೀಟನ್ನೆಲ್ಲ ತಂದು ಪೈಪಿನ ಮೇಲೇ ಸುರಿಯುತ್ತಾರೆ. ನನ್ನ ಪ್ರಕಾರ ಎರಡೂ ತಪ್ಪು. ತೆರೆದು ಬಿಟ್ಟರೆ ಮಣ್ಣಿನಿಂದ ಮನೆಯೊಳಗೆ ನೇರ ದಾರಿ ಮಾಡಿಕೊಟ್ಟಂತೆ. ಪೂರ್ತಿ ಕಾಂಕ್ರೀಟ್ ತುಂಬಿದರೆ ಪೈಪಿಗೆ ಅಲುಗಾಡಲು ಜಾಗವಿಲ್ಲ, ನಾಳೆ ರಿಪೇರಿ ಬಂದರೆ ಕೈ ಹಾಕಲೂ ಜಾಗವಿಲ್ಲ. ಕೆಳಗೆ ಮೆತ್ತಗೆ, ಮೇಲೆ ತೆಳುವಾಗಿ ಗಟ್ಟಿ, ಅಂಚಿನಲ್ಲಿ ಗಾಳಿಯೂ ನುಸುಳದ ಹಾಗೆ ಮುಚ್ಚುವುದು ಸರಿಯಾದ ಕ್ರಮ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಗುಂಡಿ ಬೇಕಾಗುವುದೇ ಯಾಕೆ?

ಸಿಂಕ್ ಅಥವಾ ವಾಶ್‌ಬೇಸಿನ್ ಕೆಳಗೆ ಬಗ್ಗಿ ನೋಡಿದರೆ ‘ಯು’ ಆಕಾರದಲ್ಲಿ ಬಾಗಿದ ಪೈಪ್ ಕಾಣುತ್ತದೆ. ಅದೇ ಟ್ರ್ಯಾಪ್. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ಗಾಳಿ, ಹುಳ ಯಾವುದೂ ಮೇಲೆ ಬಾರದಂತೆ ತಡೆಯುವುದು ಆ ನೀರೇ. ಸಾಮಾನ್ಯವಾಗಿ ಈ ನೀರಿನ ತಡೆ 50ರಿಂದ 100 ಮಿಲಿಮೀಟರ್ ಆಳ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಬೇಗ ಒಣಗುತ್ತದೆ. ಜಾಸ್ತಿಯಾದರೆ ಕೊಳೆ ಕೂರುತ್ತದೆ.

ಸಿಂಕಿನ ಕೆಳಗೆ ಜಾಗ ಬೇಕಾದಷ್ಟಿದೆ. ಟಬ್ ಮಾತ್ರ ನೆಲಕ್ಕೇ ಕೂರುತ್ತದೆ. ಅದರ ತಳಕ್ಕೂ ನೆಲಕ್ಕೂ ನಡುವೆ ಕೆಲವೇ ಬೆರಳುಗಳ ಅಂತರ. ಅಷ್ಟರಲ್ಲಿ ಟ್ರ್ಯಾಪ್ ಹಿಡಿಸುವುದಿಲ್ಲ. ಹಾಗಾಗಿ ಅದು ನೆಲದ ಮಟ್ಟಕ್ಕಿಂತ ಕೆಳಗೆ ಇಳಿಯಲೇಬೇಕು.

ಹಾಗಾದರೆ ಕಾಂಕ್ರೀಟ್ ಹಾಕುವ ಮೊದಲೇ ಟ್ರ್ಯಾಪ್ ಜೋಡಿಸಿಬಿಟ್ಟರೆ ಆಗುತ್ತಿತ್ತಲ್ವಾ? ಆಗುತ್ತಿರಲಿಲ್ಲ. ಟಬ್ಬಿನ ಬಾಯಿ, ಅಂದರೆ ತಳದಲ್ಲಿ ನೀರು ಹೊರಹೋಗುವ ತೂತು, ಎಲ್ಲಿ ಬರುತ್ತದೆ ಎನ್ನುವುದು ಟಬ್ ಕೈಗೆ ಬರುವವರೆಗೂ ನಿಖರವಾಗಿ ಗೊತ್ತಾಗುವುದಿಲ್ಲ. ಗೋಡೆ ಒಂದು ಇಂಚು ಆಚೆ ಬರಬಹುದು, ಟಬ್ಬಿನ ಮಾದರಿಯೇ ಬದಲಾಗಬಹುದು. ಕಾಂಕ್ರೀಟ್ ಸುರಿಯುವಾಗ ಅದರ ಭಾರಕ್ಕೆ, ಕೆಲಸದವರ ಕಾಲಿಗೆ ಸಿಕ್ಕಿ ಪೈಪ್ ಸರಿದುಹೋಗುವುದೂ ಇದೆ. ಟಬ್ಬಿನ ಬಾಯಿಗೂ ಪೈಪಿಗೂ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಬಂದರೂ ಜೋಡಣೆ ಓರೆಯಾಗುತ್ತದೆ. ಅದಕ್ಕೇ ಆ ಜಾಗದಲ್ಲಿ ಮರದ ಹಲಗೆಯ ಚೌಕಟ್ಟೋ ಪ್ಲಾಸ್ಟಿಕ್ ಪೆಟ್ಟಿಗೆಯೋ ಇಟ್ಟು ಕಾಂಕ್ರೀಟ್ ಒಳಗೆ ಬಾರದಂತೆ ತಡೆಯುತ್ತಾರೆ. ಆ ಒಂದಡಿ ಜಾಗ ಪ್ಲಂಬರಿಗೆ ಪೈಪನ್ನು ಆಚೀಚೆ ಹೊಂದಿಸಲು ಸಿಗುವ ಅವಕಾಶ.

ತೆರೆದು ಬಿಟ್ಟರೆ ಏನು ಬರುತ್ತದೆ?

ಮೊದಲನೆಯದು ತೇವ. ಮೇಲೆ ಒಣಗಿದಂತೆ ಕಂಡರೂ ನೆಲದಡಿಯ ಮಣ್ಣಿನೊಳಗಿನ ಗಾಳಿ ಹೆಚ್ಚು ಕಡಿಮೆ ಯಾವಾಗಲೂ ತೇವವೇ. ಆ ತೇವ ಮೇಲೆ ಬಾರದಿರಲಿ ಅಂತಲೇ ಕಾಂಕ್ರೀಟಿನ ಕೆಳಗೆ ದಪ್ಪ ಪಾಲಿಥೀನ್ ಹಾಳೆ ಹಾಸುತ್ತಾರೆ. ಗುಂಡಿ ಬಿಟ್ಟ ಕಡೆ ಆ ಹಾಳೆ ಕತ್ತರಿಸಿಹೋಗಿರುತ್ತದೆ. ಟಬ್ಬಿನ ಅಡಿ ಗಾಳಿಯಾಡದ, ಬೆಳಕಿಲ್ಲದ ಜಾಗ. ಅಲ್ಲಿ ತೇವ ನಿಂತರೆ ಬೂಸ್ಟು ಹಿಡಿಯುವುದಕ್ಕೆ ಇನ್ನೇನೂ ಬೇಕಿಲ್ಲ.

ಎರಡನೆಯದು ಮಣ್ಣಿನ ಗಾಳಿ. ಮನೆಯೊಳಗಿನ ಗಾಳಿ ಬೆಚ್ಚಗಿದ್ದಾಗ ಮೇಲೇರಿ ಮೇಲಿನ ಸಂದಿಗಳಿಂದ ಹೊರಹೋಗುತ್ತದೆ. ಆ ಜಾಗ ತುಂಬಲು ಕೆಳಗಿನಿಂದ ಗಾಳಿ ಒಳಗೆ ಎಳೆಯಲ್ಪಡುತ್ತದೆ. ನೆಲದಲ್ಲಿ ತೂತಿದ್ದರೆ ಮಣ್ಣಿನ ಗಾಳಿಯೇ ಒಳಗೆ ಬರುತ್ತದೆ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಈ ಎಳೆತ ಇನ್ನೂ ಜಾಸ್ತಿ. ಕೆಲವು ಪ್ರದೇಶಗಳ ಮಣ್ಣಿನಲ್ಲಿ ರೇಡಾನ್ ಎಂಬ ಅನಿಲ ಇರುತ್ತದೆ. ಕಲ್ಲು, ಮಣ್ಣಿನಲ್ಲಿರುವ ಯುರೇನಿಯಂ ನಿಧಾನವಾಗಿ ಒಡೆಯುತ್ತಾ ಹೋದಾಗ ಹುಟ್ಟುವ ವಿಕಿರಣಶೀಲ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯೊಳಗೆ ಶೇಖರವಾದರೆ ವರ್ಷಗಳ ಉಸಿರಾಟದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ರೇಡಾನ್ ಪ್ರತಿ ಘನ ಮೀಟರಿಗೆ 100 ಬೆಕರೆಲ್ (ವಿಕಿರಣಶೀಲತೆ ಅಳೆಯುವ ಮಾನ) ಮೀರದಿರಲಿ, ಅದು ಆಗದಿದ್ದರೆ 300ರ ಒಳಗಾದರೂ ಇರಲಿ ಎಂದು ಸೂಚಿಸಿತು. ರೇಡಾನ್ ಜಾಸ್ತಿಯಿರುವ ನೆಲದಲ್ಲಿ ಕಟ್ಟುವವರು ಟಬ್ಬಿನ ಗುಂಡಿಯನ್ನು ನಿರ್ಲಕ್ಷಿಸಲೇಬಾರದು. ಸ್ಲ್ಯಾಬಿನಲ್ಲಿ, ಅಂದರೆ ಕಾಂಕ್ರೀಟ್ ನೆಲದಲ್ಲಿ, ಇರುವ ಅತಿ ದೊಡ್ಡ ತೂತು ಎಷ್ಟೋ ಮನೆಗಳಲ್ಲಿ ಇದೇ.

ಮೂರನೆಯದು ಗೆದ್ದಲು. ಮಣ್ಣಿನಲ್ಲಿ ವಾಸಿಸುವ ಗೆದ್ದಲಿಗೆ ಒಂದು ಮಿಲಿಮೀಟರಿಗಿಂತ ಸಣ್ಣ ಬಿರುಕು ಸಾಕು. ಹಾಗಿರುವಾಗ ಒಂದಡಿಯ ಗುಂಡಿ ಸಿಕ್ಕರೆ? ಪಕ್ಕದಲ್ಲೇ ಗೋಡೆಯ ಮರದ ಚೌಕಟ್ಟೋ ಬಾಗಿಲಿನ ಮರವೋ ಇದ್ದರೆ ಅವು ಯಾರ ಕಣ್ಣಿಗೂ ಬೀಳದೆ ಅಲ್ಲಿಗೆ ತಲುಪುತ್ತವೆ. ಕಾಂಕ್ರೀಟ್ ತಡೆಯಲು ಇಟ್ಟ ಮರದ ಚೌಕಟ್ಟನ್ನು ಗುಂಡಿಯಲ್ಲೇ ಬಿಟ್ಟುಬಿಡುವವರಿದ್ದಾರೆ. ಅದು ಗೆದ್ದಲಿಗೆ ಊಟ ಇಟ್ಟು ಕರೆದಂತೆ. ಹಲಗೆ, ಗೂಟ, ರಟ್ಟು, ಸಿಮೆಂಟ್ ಚೀಲದ ಕಾಗದ, ಏನೇ ಇದ್ದರೂ ಹೆಕ್ಕಿ ತೆಗೆಯಲೇಬೇಕು. ಇಲಿಗಳ ವಿಷಯವೂ ಹೀಗೇ. ಸಣ್ಣ ಇಲಿ 6 ಮಿಲಿಮೀಟರ್ ಸಂದಿಯಲ್ಲಿ ನುಸುಳಬಲ್ಲದು.

ಮೊದಲು ಪೈಪ್ ಸರಿಯಿರಲಿ

ಮುಚ್ಚುವ ಮಾತಿಗೆ ಮುಂಚೆ ಒಳಗಿರುವುದು ಸರಿಯಾಗಿರಬೇಕು. ಆಮೇಲೆ ತಿದ್ದುವುದು ಕಷ್ಟ.

ಟಬ್ಬನ್ನು ಸುಮ್ನೆ ಒಮ್ಮೆ ಅದರ ಜಾಗದಲ್ಲಿ ಇಟ್ಟು ನೋಡಿ. ಅಂಟು ಬೇಡ, ಸ್ಕ್ರೂ ಬೇಡ. ರಸಮಟ್ಟ ಇಟ್ಟು ಮಟ್ಟ ನೋಡಿ, ಬಾಯಿ ಎಲ್ಲಿ ಬರುತ್ತದೆ ಎಂದು ಕೆಳಗೆ ಗುರುತು ಮಾಡಿ, ಟಬ್ ಎತ್ತಿಡಿ. ಆ ಗುರುತಿಗೆ ಸರಿಯಾಗಿ ಟ್ರ್ಯಾಪ್ ಹೊಂದಿಸಬೇಕು. ಪ್ಲಂಬರ್ ಅವಸರದಲ್ಲಿದ್ದರೂ ಈ ಹೆಜ್ಜೆ ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾಗದದ ಮೇಲಿನ ಅಳತೆ ನಂಬಿ ಅಂಟು ಹಾಕಿದವರಿಗೇ ತೊಂದರೆ ಜಾಸ್ತಿ.

ಟ್ರ್ಯಾಪಿನಿಂದ ಮುಂದೆ ಹೋಗುವ ಪೈಪಿಗೆ ಮೀಟರಿಗೆ ಸುಮಾರು 20 ಮಿಲಿಮೀಟರ್ ಇಳಿಜಾರು ಬೇಕು. ಇಳಿಜಾರು ಜಾಸ್ತಿಯಿದ್ದಷ್ಟೂ ಒಳ್ಳೆಯದು ಎಂದು ಅನ್ನಿಸಬಹುದು, ಇಲ್ಲಿ ಹಾಗಲ್ಲ. ಟ್ರ್ಯಾಪಿನಿಂದ ಗಾಳಿಯ ಪೈಪ್, ಅಂದರೆ ವೆಂಟ್ ಸೇರುವವರೆಗೆ ಪೈಪ್ ತನ್ನ ವ್ಯಾಸಕ್ಕಿಂತ ಜಾಸ್ತಿ ಕೆಳಗಿಳಿಯಬಾರದು. ಇಳಿದರೆ ಓಡುವ ನೀರು ಪೈಪನ್ನು ಪೂರ್ತಿ ತುಂಬಿಕೊಂಡು ತನ್ನ ಹಿಂದೆ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ತಡೆ ನೀರು ಹೋದರೆ ನಾತ ಬರುತ್ತದೆ. ಟಬ್ಬಿನ ಬಾಯಿಯಿಂದ ಟ್ರ್ಯಾಪಿಗೆ ನೇರ ಇಳಿಯುವ ಪೈಪೂ ತೀರಾ ಉದ್ದ ಇರಬಾರದು. 600 ಮಿಲಿಮೀಟರ್ ಎನ್ನುವುದು ಹಲವು ಪ್ಲಂಬಿಂಗ್ ನಿಯಮಗಳು ಒಪ್ಪುವ ಮಿತಿ. ಎತ್ತರದಿಂದ ಬೀಳುವ ನೀರಿನ ರಭಸಕ್ಕೂ ಟ್ರ್ಯಾಪ್ ಖಾಲಿಯಾಗುತ್ತದೆ.

ಬಾಯಿ ಮತ್ತು ಪೈಪ್ ಕೂಡದೆ ಸ್ವಲ್ಪ ಆಚೀಚೆ ಆಗಿದ್ದರೆ ಟ್ರ್ಯಾಪ್ ತಿರುಗಿಸಿ ಅಥವಾ ಎಲ್ಬೋ (ಬಾಗಿದ ಜೋಡಣೆಯ ತುಂಡು) ಹಾಕಿ ಸರಿಪಡಿಸಬಹುದು. ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸುವುದು ಬೇಡವೇ ಬೇಡ. ಬಗ್ಗಿದ ಕಡೆ ಗೋಡೆ ತೆಳ್ಳಗಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಸುಟ್ಟರೆ ಬರುವ ಹೊಗೆ ಶ್ವಾಸಕ್ಕೆ ಕೆಟ್ಟದ್ದು. ಗುಂಡಿಯ ಅಂಚು ಅಡ್ಡ ಬಂದರೆ ಉಳಿ, ಸುತ್ತಿಗೆ ತೆಗೆದುಕೊಂಡು ಅಂಚನ್ನು ಒಡೆಯಿರಿ.

ಕೀಲುಗಳ ವಿಷಯದಲ್ಲಿ ಒಂದು ನಿಯಮ ನೆನಪಿರಲಿ. ಅಂಟು ಹಾಕಿದ ಕೀಲು ನೆಲದಡಿ ಮುಚ್ಚಿಹೋದರೂ ನಡೆಯುತ್ತದೆ. ನಟ್ಟು, ವಾಷರ್ ಹಾಕಿ ಬಿಗಿದ ಕೀಲು ಮಾತ್ರ ಕೈಗೆ ಸಿಗುವ ಜಾಗದಲ್ಲೇ ಇರಬೇಕು. ವಾಷರ್ ಎಂದಾದರೂ ಸವೆಯುತ್ತದೆ.

ಈಗ ಪರೀಕ್ಷೆ. ಟಬ್ಬನ್ನು ಮತ್ತೆ ಇಟ್ಟು ಪೈಪಿಗೆ ತಾತ್ಕಾಲಿಕವಾಗಿ ಸೇರಿಸಿ. ಬಾಯಿ ಮುಚ್ಚಿ, ಮೇಲಿನ ಓವರ್‌ಫ್ಲೋ ತೂತಿನಿಂದ ನೀರು ಹೋಗುವವರೆಗೂ ತುಂಬಿಸಿ. ಬಹಳ ಜನ ಅರ್ಧ ತುಂಬಿಸಿ ನಿಲ್ಲಿಸುತ್ತಾರೆ, ಆಗ ಓವರ್‌ಫ್ಲೋ ಗ್ಯಾಸ್ಕೆಟ್ಟಿನ (ಸೋರದಂತೆ ಕೀಲಿನಲ್ಲಿ ಹಾಕುವ ರಬ್ಬರ್ ಬಳೆಯ) ಸೋರಿಕೆ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಒಂದೇ ಸಲ ನೀರು ಬಿಡಿ. ಟಾರ್ಚ್ ಹಿಡಿದು ಪ್ರತಿ ಕೀಲಿಗೂ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗು ಕಾಗದದಲ್ಲಿ ಕಾಣುತ್ತದೆ.

ಮುಚ್ಚುವ ಕೆಲಸ

ಎಲ್ಲ ಸರಿಯಿದ್ದರೆ ಟಬ್ ತೆಗೆದು ಗುಂಡಿ ಮುಚ್ಚಲು ಶುರು ಮಾಡಬಹುದು. ಗೆದ್ದಲು ಇರುವ ಜಾಗವಾದರೆ ಮಣ್ಣಿಗೆ ಔಷಧಿ ಹಾಕಿಸಲು ಇದೇ ಕೊನೆಯ ಅವಕಾಶ. ಅದನ್ನು ಆ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ.

ಮೊದಲು ಟ್ರ್ಯಾಪಿನ ಸುತ್ತ ಮರಳು. ಸ್ವಲ್ಪ ಒದ್ದೆ ಮಾಡಿದ, ಕಲ್ಲಿಲ್ಲದ ಮರಳನ್ನು ತೆಳು ಪದರಗಳಲ್ಲಿ ಹಾಕಿ ಕೈಯಿಂದಲೇ ಒತ್ತುತ್ತಾ ಬನ್ನಿ. ಟ್ರ್ಯಾಪಿನ ಹೊಟ್ಟೆಯ ಕೆಳಗೂ ಮರಳು ತುಂಬಬೇಕು. ನೀರು ತುಂಬಿದ ಟ್ರ್ಯಾಪ್ ಆಧಾರವಿಲ್ಲದೆ ನೇತಾಡುತ್ತಿದ್ದರೆ ವರ್ಷಗಳಲ್ಲಿ ಜಗ್ಗಿ ಕೀಲು ಸಡಿಲವಾಗುತ್ತದೆ. ಚೂಪು ಜಲ್ಲಿ ಪೈಪಿಗೆ ತಾಗದಿರಲಿ. ಮಾಮೂಲಿ ಮರಳು ಗೆದ್ದಲನ್ನು ತಡೆಯುವುದಿಲ್ಲ, ಅದು ಪೈಪಿಗೆ ಹಾಸಿಗೆ ಮಾತ್ರ. ಗೆದ್ದಲು ತಡೆಯಲೆಂದೇ ಜರಡಿ ಹಿಡಿದ ಕಲ್ಲುಪುಡಿಯನ್ನು ಕೆಲವೆಡೆ ಬಳಸುತ್ತಾರೆ. ಅದರ ಕಾಳು ಗೆದ್ದಲು ಬಾಯಿಂದ ಎತ್ತಲಾಗದಷ್ಟು ದೊಡ್ಡದು, ಕಾಳಿನ ನಡುವಿನ ಸಂದಿ ಅದು ನುಸುಳಲಾಗದಷ್ಟು ಚಿಕ್ಕದು. ಇಷ್ಟು ಸರಳವಾದ ಉಪಾಯ ನನಗೆ ಯಾವತ್ತೂ ಇಷ್ಟ.

ಮರಳಿನ ಮೇಲೆ ಪಾಲಿಥೀನ್ ಹಾಳೆ. ಕನಿಷ್ಠ 0.15 ಮಿಲಿಮೀಟರ್ ದಪ್ಪ ಇರಲಿ, 0.25 ಆದರೆ ಇನ್ನೂ ಒಳ್ಳೆಯದು. ಪೈಪಿನ ಸುತ್ತ ಕತ್ತರಿಸಿ ಟೇಪ್ ಹಾಕಿ. ಹಾಳೆಯ ಅಂಚು ಗುಂಡಿಯ ಗೋಡೆಯ ಮೇಲೆ ಸ್ವಲ್ಪ ಏರಲಿ. ಹಳೆಯ ಹಾಳೆಯ ತುದಿ ಕೈಗೆ ಸಿಕ್ಕರೆ ಅದಕ್ಕೇ ಸೇರಿಸಿ ಟೇಪ್ ಹಚ್ಚಿ.

ಇನ್ನು ಪೈಪಿಗೆ ಮೆತ್ತನೆಯ ಫೋಮ್ ಪಟ್ಟಿ ಸುತ್ತಬೇಕು. ಇದನ್ನು ಅನಗತ್ಯ ಎಂದುಕೊಳ್ಳುವವರೇ ಜಾಸ್ತಿ. ಕಾಂಕ್ರೀಟ್ ಪಿವಿಸಿಯನ್ನು ತಿನ್ನುವುದಿಲ್ಲ, ಆ ಭಯ ಬೇಡ. ತೊಂದರೆ ಇರುವುದು ಚಲನೆಯಲ್ಲಿ. ಟಬ್ಬಿನಲ್ಲಿ 150 ಲೀಟರ್ ನೀರು ತುಂಬಿದರೆ 150 ಕಿಲೋ ಭಾರ. ಅದರ ಮೇಲೆ ಕೂತವರ ಭಾರ. ಅಕ್ರಿಲಿಕ್ ಅಥವಾ ಫೈಬರ್ ಟಬ್ಬಿನ ತಳ ಇಷ್ಟಕ್ಕೆ ಸ್ವಲ್ಪ ಬಗ್ಗುತ್ತದೆ. ಬಿಸಿನೀರು ಹೋದಾಗ ಪೈಪ್ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ಕೆಳಗೆ ಪೈಪನ್ನು ಕಾಂಕ್ರೀಟ್ ಬಿಗಿಯಾಗಿ ಹಿಡಿದುಕೊಂಡಿದ್ದರೆ ಈ ಅಲುಗಾಟವೆಲ್ಲ ಟಬ್ಬಿನ ಬಾಯಿಯ ಗ್ಯಾಸ್ಕೆಟ್ ಮೇಲೆ ಬೀಳುತ್ತದೆ. ಒಂದು ದಿನ ಅಲ್ಲಿಂದ ಜಿನುಗು ಶುರು. ಪೈಪಿನ ಸುತ್ತ ಒಂದೆರಡು ಸೆಂಟಿಮೀಟರ್ ಮೆತ್ತನೆಯ ಜಾಗ ಇದ್ದರೆ ಈ ತೊಂದರೆಯೇ ಬರುವುದಿಲ್ಲ.

ಹಾಳೆಯ ಮೇಲೆ ಸುಮಾರು 50 ಮಿಲಿಮೀಟರ್ ದಪ್ಪಕ್ಕೆ ಗಾರೆ ಹಾಕಿ. ಗ್ರೌಟ್, ಅಂದರೆ ಒಣಗಿದರೂ ಕುಗ್ಗದ ಸಿಮೆಂಟ್ ಮಿಶ್ರಣ, ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ನೀರು ಆದಷ್ಟು ಕಡಿಮೆ. ಕೈಗೆ ಗ್ಲೌಸ್ ಇರಲಿ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಕರಣೆಯಿಂದ ಸಪಾಟು ಮಾಡಿ, ಕೆಲವು ದಿನ ಒದ್ದೆ ಬಟ್ಟೆ ಹಾಕಿ ಕ್ಯೂರಿಂಗ್ ಮಾಡಿ. ಪೂರ್ತಿ ಸ್ಲ್ಯಾಬಿನಷ್ಟು ದಪ್ಪ ಯಾಕೆ ಬೇಡ? ಇಲ್ಲಿ ಯಾರೂ ಓಡಾಡುವುದಿಲ್ಲ, ಭಾರ ಹೊರುವ ಕೆಲಸ ಈ ಪದರಕ್ಕಿಲ್ಲ. ತೆಳುವಾಗಿದ್ದರೆ ನಾಳೆ ಉಳಿಯಿಂದ ನಾಲ್ಕು ಏಟು ಹಾಕಿ ತೆಗೆದು ಟ್ರ್ಯಾಪ್ ಮುಟ್ಟಬಹುದು.

ಕೆಲಸ ಇಲ್ಲಿಗೆ ಮುಗಿಯಿತು ಎಂದು ಎದ್ದರೆ ಪಟ್ಟ ಶ್ರಮ ಅರ್ಧ ವ್ಯರ್ಥ. ಗಾರೆ ಒಣಗಿದಾಗ ಕುಗ್ಗಿ ಹಳೆಯ ಸ್ಲ್ಯಾಬಿನ ಅಂಚಿನಿಂದ ಕೂದಲೆಳೆಯಷ್ಟು ಬಿಡುತ್ತದೆ. ಗೆದ್ದಲಿಗೂ ಮಣ್ಣಿನ ಗಾಳಿಗೂ ಅಷ್ಟು ಸಾಕು. ಆದ್ದರಿಂದ ಗಾರೆ ಹಸಿಯಿರುವಾಗಲೇ ನಾಲ್ಕೂ ಅಂಚಿನಲ್ಲಿ ಬೆರಳಗಲದ ಕಾಲುವೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಪೈಪಿನ ಸುತ್ತಲೂ ಹೀಗೆಯೇ. ಫೋಮ್ ಪಟ್ಟಿ ಮೇಲಿನವರೆಗೆ ಬಂದರೆ ಅದರೊಳಗೇ ಗೆದ್ದಲು ಸುರಂಗ ಕೊರೆಯುತ್ತದೆ. ಪಟ್ಟಿಯನ್ನು ಗಾರೆಯ ಮಟ್ಟದಿಂದ ಒಂದು ಸೆಂಟಿಮೀಟರ್ ಕೆಳಗೇ ನಿಲ್ಲಿಸಿ, ಆ ಜಾಗವನ್ನು ಸೀಲೆಂಟಿನಿಂದ ತುಂಬಿ. ಸೀಲೆಂಟ್ ರಬ್ಬರಿನಂತೆ ಹಿಗ್ಗುತ್ತದೆ, ಪೈಪ್ ಅಲುಗಾಡಿದರೂ ಬಿಡುವುದಿಲ್ಲ.

ಕ್ಯಾನಿನಿಂದ ಉಬ್ಬುವ ಸ್ಪ್ರೇ ಫೋಮನ್ನೇ ಗುಂಡಿಗೆಲ್ಲ ತುಂಬಿಬಿಟ್ಟರೆ ಆಗದಾ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಫೋಮ್ ಗಟ್ಟಿಯಾಗಲು ಗಾಳಿಯ ತೇವ ಬೇಕು. ದಪ್ಪವಾಗಿ ತುಂಬಿದರೆ ಒಳಭಾಗ ಹಸಿಯಾಗೇ ಉಳಿಯುತ್ತದೆ. ಇಲಿ ಕಡಿಯುತ್ತದೆ, ಗೆದ್ದಲು ಕೊರೆಯುತ್ತದೆ. ಟಬ್ಬಿನ ಅಡಿಗೆ ಉಬ್ಬಿದರೆ ಹಗುರ ಟಬ್ಬನ್ನೇ ಎತ್ತಿಬಿಡಬಹುದು. ಕುದಿಯುವ ಡಾಂಬರು ಸುರಿಯುವ ಹಳೆಯ ಪದ್ಧತಿಯೂ ಇದೆ. ಬೀಡು ಕಬ್ಬಿಣದ ಪೈಪಿಗೆ ಅದು ಸರಿ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಡಾಂಬರಿನ ಬಿಸಿಯನ್ನು ತಾಳುವುದಿಲ್ಲ.

ಟಬ್ ಕೊನೆಯದಾಗಿ ಕೂರಿಸುವಾಗ ಬಾಯಿಯ ಹಿಂದಿನ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಪುಟ್ಟ ಬಾಗಿಲು ಇಡಿಸಿ. ಗೋಡೆಯ ಆಚೆ ಕಪಾಟೋ ಓಣಿಯೋ ಇದ್ದರೆ ಬಹಳ ಅನುಕೂಲ. ಅಕ್ರಿಲಿಕ್ ಟಬ್ಬಿನ ಬಾಯಿಗೆ ಪ್ಲಂಬರ್ ಪುಟ್ಟಿಗಿಂತ ಸಿಲಿಕೋನ್ ಸುರಕ್ಷಿತ. ಪುಟ್ಟಿಯ ಎಣ್ಣೆ ಕೆಲವು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ.

ಗುಂಡಿಯೇ ಇಲ್ಲದಿದ್ದರೆ, ಗುಂಡಿಯಲ್ಲಿ ನೀರಿದ್ದರೆ

ಹಳೆಯ ನೆಲದಲ್ಲಿ ಹೊಸದಾಗಿ ಟಬ್ ಇಡುವಾಗ ಸ್ಲ್ಯಾಬ್ ಕತ್ತರಿಸಬೇಕಾಗುತ್ತದೆ. ಯಂತ್ರ ಮುಟ್ಟುವ ಮೊದಲು ಒಳಗೇನಿದೆ ಎಂದು ಗೊತ್ತಿರಬೇಕು. ನೀರಿನ ಪೈಪ್, ವೈರ್, ನೆಲ ಬಿಸಿ ಮಾಡುವ ಕೊಳವೆ ಇರಬಹುದು. ಕೆಲವು ಸ್ಲ್ಯಾಬುಗಳಲ್ಲಿ ಭಾರಿ ಬಲದಿಂದ ಎಳೆದು ಬಿಗಿದ ಉಕ್ಕಿನ ತಂತಿಹಗ್ಗ ಇರುತ್ತದೆ. ಅದನ್ನು ಕತ್ತರಿಸಿದರೆ ನೆಲಕ್ಕೂ ಅಪಾಯ, ಕತ್ತರಿಸುವವರ ಜೀವಕ್ಕೂ ಅಪಾಯ. ಸ್ಕ್ಯಾನ್ ಮಾಡಿಸದೆ ಅಂಥ ನೆಲ ಮುಟ್ಟಬಾರದು. ಕತ್ತರಿಸುವಾಗ ಬ್ಲೇಡಿಗೆ ನೀರು ಬಿಡುತ್ತಲೇ ಇರಬೇಕು. ಒಣ ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯಿಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಪೈಪಿಗಾಗಿ ಉದ್ದ ಕಾಲುವೆ ತೋಡಿದ್ದರೆ ಮತ್ತೆ ಮುಚ್ಚುವಾಗ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ, ಹಳೆಯ ಅಂಚಿಗೆ ತೂತು ಕೊರೆದು ಕಬ್ಬಿಣದ ಸರಳು ಸೇರಿಸಿ ಕಾಂಕ್ರೀಟ್ ಹಾಕಬೇಕು. ಇಲ್ಲವಾದರೆ ಆ ಪಟ್ಟಿ ಮಾತ್ರ ಕುಸಿಯುತ್ತದೆ.

ಇನ್ನು ನೀರು. ತೆರೆದ ಗುಂಡಿಯಲ್ಲಿ ನೀರು ನಿಂತಿದ್ದರೆ ಮುಚ್ಚುವ ಆತುರ ಬೇಡ. ಟಬ್ಬಿನಲ್ಲಿ ಬಣ್ಣ ಕಲಸಿದ ನೀರು ಬಿಟ್ಟು ನೋಡಿ. ಗುಂಡಿಯಲ್ಲಿ ಬಣ್ಣ ಕಂಡರೆ ಕೀಲು ಸೋರುತ್ತಿದೆ. ಬಣ್ಣ ಬಾರದೆ ಮಳೆಯ ನಂತರ ನೀರು ಏರುತ್ತಿದ್ದರೆ ಅದು ಅಂತರ್ಜಲ. ಅದನ್ನು ಗಾರೆಯಿಂದ ತಡೆಯಲು ಹೋದರೆ ಒತ್ತಡಕ್ಕೆ ಬೇರೆ ಕಡೆ ಬಿರುಕು ಬಿಡುತ್ತದೆ. ಮನೆಯ ಸುತ್ತ ನೀರು ಹರಿದುಹೋಗುವ ವ್ಯವಸ್ಥೆ ಮೊದಲು ಸರಿಯಾಗಬೇಕು. ನಾತದ ಮೂಲ ಹುಡುಕುವುದೂ ಹೀಗೇ: ಟಬ್ಬಿಗೆ ಒಂದು ಬಕೆಟ್ ನೀರು ಸುರಿಯಿರಿ. ನಾತ ನಿಂತರೆ ಟ್ರ್ಯಾಪ್ ಒಣಗಿತ್ತು ಎಂದರ್ಥ. ನಿಲ್ಲದಿದ್ದರೆ ಸೋರುವ ಕೀಲನ್ನೋ ತೆರೆದ ಗುಂಡಿಯನ್ನೋ ಅನುಮಾನಿಸಿ.

ಮೇಲಿನ ಮಹಡಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮಣ್ಣಿಲ್ಲ, ಗೆದ್ದಲಿನ ಚಿಂತೆ ಕಡಿಮೆ. ಬದಲಿಗೆ ನೀರು, ಸದ್ದು, ಬೆಂಕಿ. ಸ್ಲ್ಯಾಬಿನ ತೂತಿನಿಂದ ಕೆಳಗಿನ ಕೋಣೆಗೆ ಹೊಗೆ, ಬೆಂಕಿ ದಾಟಬಹುದು. ಪ್ಲಾಸ್ಟಿಕ್ ಪೈಪ್ ಕರಗಿದರೆ ತೂತು ಇನ್ನೂ ದೊಡ್ಡದಾಗುತ್ತದೆ. ಇದಕ್ಕೆಂದೇ ಬೆಂಕಿಯ ಬಿಸಿಗೆ ಉಬ್ಬಿ ಪೈಪನ್ನು ಹಿಸುಕಿ ದಾರಿ ಮುಚ್ಚುವ ಪಟ್ಟಿಗಳು ಬರುತ್ತವೆ. ಸ್ಲ್ಯಾಬಿನ ಸರಳು ಅಡ್ಡ ಬಂದರೆ ಎಂಜಿನಿಯರನ್ನು ಕೇಳದೆ ಕತ್ತರಿಸಬಾರದು. ಸ್ಲ್ಯಾಬನ್ನೇ ತಗ್ಗಿಸಿ, ಆ ತಗ್ಗಿನಲ್ಲಿ ಟ್ರ್ಯಾಪ್ ಇಡುವ ಕಡೆ ತಗ್ಗಿನ ತಳಕ್ಕೂ ನಾಲ್ಕೂ ಬದಿಗೂ ವಾಟರ್‌ಪ್ರೂಫಿಂಗ್ ಮುಗಿಸಿ, ನೀರು ನಿಲ್ಲಿಸಿ ನೋಡಿ, ಆಮೇಲೆ ಪೈಪ್ ಹಾಕಿ ತುಂಬಬೇಕು. ತಗ್ಗಿನ ಅತಿ ಕೆಳಗಿನ ಮೂಲೆಯಲ್ಲಿ ಜಿನುಗಿದ ನೀರು ಹೊರಹೋಗಲು ಒಂದು ಸಣ್ಣ ಪೈಪ್ ಇರಲಿ. ಅದರ ಬಾಯಿ ಕಣ್ಣಿಗೆ ಕಾಣುವ ಕಡೆ ಇದ್ದರೆ, ಒಳಗೆ ಸೋರಿಕೆ ಶುರುವಾದ ದಿನವೇ ಗೊತ್ತಾಗುತ್ತದೆ.